ಎಕ್ಸ್‌ಪೈರಿ ಮಾತ್ರೆ ಗಿಡಕ್ಕೆ ಹಾಕಬಹುದಾ? ಓದುಗರ ಪ್ರಶ್ನೆಗಳು, ನಮ್ಮ ಉತ್ತರಗಳು

ಹೋದ ತಿಂಗಳು ಇದೇ ಅಂಕಣದಲ್ಲಿ "ಹಳೇ ಮಾತ್ರೆಗಳನ್ನು ಮಣ್ಣಿಗೆ ಸುರಿಯಬೇಡಿ" ಅಂತ ಒಂದು ಸಾಲು ಬರೆದಿದ್ದೆ. ಯಾಕೆ ಅಂತ ಹೇಳಿರಲಿಲ್ಲ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅದನ್ನೇ ಕೇಳಿವೆ. ಹಾಗಾಗಿ ಈ ತಿಂಗಳ ಜಾಗವೆಲ್ಲ ಅದಕ್ಕೇ.

ಪ್ರಶ್ನೆ: ನಮ್ಮನೆ ಕುಂಡದ ಕರಿಬೇವು ಸೊರಗಿತ್ತು. ಯಾರೋ ಹೇಳಿದರು ಅಂತ ಮಾವನವರ ಡಬ್ಬಿಯಲ್ಲಿ ಉಳಿದಿದ್ದ ಮಾತ್ರೆಗಳನ್ನೆಲ್ಲ ಪುಡಿ ಮಾಡಿ ನೀರಲ್ಲಿ ಕಲಸಿ ಹಾಕಿದೆ. ಜ್ವರದ್ದು, ಸಕ್ಕರೆ ಕಾಯಿಲೆಯದ್ದು, ಆಂಟಿಬಯೋಟಿಕ್ ಕ್ಯಾಪ್ಸೂಲ್, ಎಲ್ಲವೂ ಇದ್ದವು. ಮೂರು ವಾರಕ್ಕೆ ಹೊಸ ಚಿಗುರು ಬಿಳಿಚಿಕೊಂಡು ಬಂತು. ಹಳೇ ಎಲೆ ಹಸಿರಾಗೇ ಇದೆ. ಮನುಷ್ಯರ ಔಷಧಿ ಗಿಡಕ್ಕೆ ಹೇಗೆ ತಾಗುತ್ತೆ? (ಮೈಸೂರು)

ಹಳೇ ಎಲೆ ಹಸಿರು, ಹೊಸ ಎಲೆ ಬಿಳಿ ಅಂತ ಬರೆದಿದ್ದೀರಲ್ಲ, ಸುಳಿವು ಅಲ್ಲೇ ಇದೆ.

ಎಲೆಯ ಹಸಿರು ಇರುವುದು ಕ್ಲೋರೋಪ್ಲಾಸ್ಟ್ ಅನ್ನುವ ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳಲ್ಲಿ. ನೂರು ಕೋಟಿ ವರ್ಷಕ್ಕೂ ಹಿಂದೆ ಇವುಗಳ ಪೂರ್ವಜರು ತಮ್ಮಷ್ಟಕ್ಕೆ ತಾವು ಬದುಕಿದ್ದ ಬ್ಯಾಕ್ಟೀರಿಯಾಗಳು. ಇನ್ನೊಂದು ಜೀವಕೋಶದ ಒಳಗೆ ಸೇರಿಕೊಂಡು ಅಲ್ಲೇ ಉಳಿದುಬಿಟ್ಟವು. ಇವತ್ತಿಗೂ ಅವುಗಳೊಳಗೆ ಪ್ರೋಟೀನ್ ತಯಾರಿಸುವ ಯಂತ್ರ ಬ್ಯಾಕ್ಟೀರಿಯಾದ್ದೇ ಥರ ಇದೆ. ಟೆಟ್ರಾಸೈಕ್ಲಿನ್, ಸ್ಟ್ರೆಪ್ಟೋಮೈಸಿನ್ ಜಾತಿಯ ಆಂಟಿಬಯೋಟಿಕ್‌ಗಳು ಬ್ಯಾಕ್ಟೀರಿಯಾವನ್ನು ತಡೆಯುವುದು ಆ ಯಂತ್ರವನ್ನು ಕಟ್ಟಿಹಾಕಿಯೇ. ನಮ್ಮ ಗಂಟಲಿನ ಸೋಂಕಿಗೂ ನಿಮ್ಮ ಕರಿಬೇವಿನ ಚಿಗುರಿಗೂ ಔಷಧಿ ವ್ಯತ್ಯಾಸ ಮಾಡುವುದಿಲ್ಲ. ಹಳೇ ಎಲೆಯಲ್ಲಿ ಹಸಿರಿನ ಕೆಲಸ ಆಗಲೇ ಮುಗಿದಿತ್ತು. ಹೊಸ ಎಲೆ ಎಲ್ಲವನ್ನೂ ಮೊದಲಿಂದ ಕಟ್ಟಬೇಕು, ಅದಕ್ಕೇ ಬಿಳಿಚಿಕೊಂಡಿತು.

ಒಂದು ಮಾತು. ಕಬ್ಬಿಣದ ಕೊರತೆ ಇದ್ದರೂ ಚಿಗುರು ಬಿಳಿಚುತ್ತದೆ. ಆದರೆ ಆಗ ಎಲೆಯ ನರಗಳು ಹಸಿರಾಗಿ ಉಳಿದು ನಡುವಿನ ಜಾಗ ಮಾತ್ರ ಹಳದಿ ಆಗುತ್ತದೆ. ನಿಮ್ಮ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ.

ಸಲ್ಫಾ ಅನ್ನುವ ಆಂಟಿಬಯೋಟಿಕ್‌ಗಳ ಕತೆ ಬೇರೆ. ಬ್ಯಾಕ್ಟೀರಿಯಾ ಫೋಲೇಟ್ ಅನ್ನುವ ವಿಟಮಿನ್ನನ್ನು ತಾನೇ ಮಾಡಿಕೊಳ್ಳುತ್ತದೆ, ಸಲ್ಫಾ ಅದನ್ನು ನಿಲ್ಲಿಸುತ್ತದೆ. ನಮಗೆ ಫೋಲೇಟ್ ಊಟದಿಂದ ಬರುತ್ತದೆ, ಹಾಗಾಗಿ ನಮಗೆ ತೊಂದರೆ ಇಲ್ಲ. ಗಿಡ ಮಾತ್ರ ಬ್ಯಾಕ್ಟೀರಿಯಾ ಥರ ತಾನೇ ಮಾಡಿಕೊಳ್ಳಬೇಕು. 1990ರ ದಶಕದಲ್ಲಿ ಇಟಲಿಯ ವಿಜ್ಞಾನಿಗಳು ಬರಗು, ಬಟಾಣಿ, ಮೆಕ್ಕೆಜೋಳಕ್ಕೆ ಜಾನುವಾರುಗಳ ಒಂದು ಸಲ್ಫಾ ಔಷಧಿ ಕೊಟ್ಟು ನೋಡಿದಾಗ ಬೇರು, ಕಾಂಡ, ಎಲೆ ಮೂರೂ ಗಿಡ್ಡವಾದವು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಕೂಡ ಬೇರಿನಿಂದ ಎಲೆಗೆ ಏರುತ್ತದೆ ಅಂತ ನಾರ್ವೆಯ ಪ್ರಯೋಗದಲ್ಲಿ ಕಂಡಿದೆ.

ನಾನೂ ಒಮ್ಮೆ ಮನೆಯಲ್ಲಿ ನೋಡಿದ್ದೆ. ಎರಡು ತಟ್ಟೆಯಲ್ಲಿ ಹತ್ತಿ ಹಾಸಿ ಇಪ್ಪತ್ತಿಪ್ಪತ್ತು ಹೆಸರುಕಾಳು ಇಟ್ಟೆ. ಒಂದಕ್ಕೆ ಬರೀ ನೀರು. ಇನ್ನೊಂದಕ್ಕೆ ಟೆಟ್ರಾಸೈಕ್ಲಿನ್ ಜಾತಿಯದೇ ಆದ 100 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಕ್ಯಾಪ್ಸೂಲ್ ಒಂದನ್ನು ಒಂದು ಲೀಟರ್ ನೀರಿಗೆ ಬಿಚ್ಚಿ ಹಾಕಿದ ನೀರು. ಎರಡನೇ ದಿನ ಎರಡರಲ್ಲೂ ಮೊಳಕೆ ಬಂತು, ಏನೂ ಆಗಲ್ಲ ಅಂದುಕೊಂಡೆ. ಆರನೇ ದಿನ ಎತ್ತಿ ನೋಡಿದರೆ ಬರೀ ನೀರಿನ ಮೊಳಕೆಯ ಬೇರು ಬೆರಳುದ್ದ ಇಳಿದು, ಪಕ್ಕದಲ್ಲಿ ಕೂದಲಿನಂಥ ಬೇರುಗಳು ಹತ್ತಿಗೆ ಹೆಣೆದುಕೊಂಡಿದ್ದವು. ಔಷಧಿಯ ತಟ್ಟೆಯಲ್ಲಿ ಬೇರು ಉಗುರಿನಷ್ಟಕ್ಕೇ ನಿಂತಿತ್ತು, ತುದಿ ಕಂದು, ಎಲೆ ಮಾಸಲು ಹಳದಿ. ಕಾಳಿನೊಳಗೇ ಊಟ ಇರುತ್ತದೆ, ಅದಕ್ಕೇ ಮೊಳಕೆ ಬರುತ್ತದೆ. ಪೆಟ್ಟು ಮೊದಲು ಕಾಣುವುದು ಬೇರಿನಲ್ಲಿ. ಆದರೆ ಕೆರೆ, ಹೊಳೆಗಳಲ್ಲಿ ಸಾಮಾನ್ಯವಾಗಿ ಸಿಗುವುದಕ್ಕಿಂತ ನಾನು ಹಾಕಿದ್ದು ಎಷ್ಟೋ ಪಟ್ಟು ಜಾಸ್ತಿ. ನೀವು ಹಾಕಿದ್ದೂ ಅಷ್ಟೇ.

ಆಸ್ಪಿರಿನ್ ಹಾಕಿದರೆ ಗಿಡ ಚೆನ್ನಾಗಿ ಬರುತ್ತೆ ಅನ್ನುವ ಮಾತು ಹುಟ್ಟಿದ್ದಕ್ಕೂ ಕಾರಣ ಇದೆ. 1979ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಆರ್. ಎಫ್. ವೈಟ್ ಅನ್ನುವವರು ತಂಬಾಕಿನ ಎಲೆಗೆ ಆಸ್ಪಿರಿನ್ ಚುಚ್ಚಿದಾಗ ಅದು ಮೊಸಾಯಿಕ್ ವೈರಸ್ ತಡೆದುಕೊಂಡಿತು. ಗಿಡಗಳು ರೋಗ ಬಂದಾಗ ಅಂಥದ್ದೇ ಸ್ಯಾಲಿಸಿಲಿಕ್ ಆಮ್ಲವನ್ನು ತಾವೇ ಮಾಡಿಕೊಳ್ಳುತ್ತವೆ. ಅದು ಅಳತೆ ಇಟ್ಟು ಮಾಡಿದ ಕೆಲಸ, ಡಬ್ಬಿ ಮಗುಚಿದ್ದಲ್ಲ.

ಈಗ ಮಾಡಬೇಕಾದ್ದು: ಗಿಡವನ್ನು ಕಿತ್ತು ಬೇರಿನ ಮಣ್ಣು ಉದುರಿಸಿ ಹೊಸ ಮಣ್ಣಿಗೆ ಹಾಕಿ. ಹಳೇ ಮಣ್ಣು ತರಕಾರಿ ಮಡಿಗೆ ಬೇಡ. ಕೆಲವು ತಿಂಗಳು ಆ ಕರಿಬೇವನ್ನು ಒಗ್ಗರಣೆಗೆ ಬಳಸಬೇಡಿ.

ಪ್ರಶ್ನೆ: ನಮ್ಮೂರ ಕೆರೆಗೆ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಬಂದ ಮೇಲೆ ಬೋರ್‌ವೆಲ್ ತುಂಬಿದೆ, ಸಂತೋಷ. ಆದರೆ ಎರಡು ವರ್ಷದಿಂದ ಟೊಮೆಟೊ ಚಿಗುರು ಮುದುಡಿ ಗಿಡ ಗಿಡ್ಡ ಆಗುತ್ತಿದೆ. ಬೆಂಗಳೂರಿನ ಆಸ್ಪತ್ರೆಗಳ ಔಷಧಿ ನೀರಲ್ಲಿದೆ, ಅದರಿಂದ ಅಂತ ಊರಲ್ಲಿ ಹೇಳುತ್ತಾರೆ. ನಿಜವಾ? (ಕೋಲಾರ)

ನಿಮ್ಮ ಟೊಮೆಟೊಗೆ ಔಷಧಿ ಕಾರಣ ಅಂತ ನನಗೆ ಅನಿಸುವುದಿಲ್ಲ. ನೀವು ಬರೆದ ಲಕ್ಷಣ ಎಲೆ ಮುದುಡು ರೋಗದ್ದು. ಅದು ವೈರಸ್, ಹರಡುವುದು ಬಿಳಿ ನೊಣ. ಬೆಳಿಗ್ಗೆ ಗಿಡ ಅಲ್ಲಾಡಿಸಿ ನೋಡಿ, ಹಿಟ್ಟು ಹಾರಿದ ಹಾಗೆ ಎದ್ದರೆ ಅನುಮಾನವೇ ಬೇಡ. ನರ್ಸರಿ ಸಸಿಗೆ ಬಲೆ ಕಟ್ಟುವುದು, ರೋಗದ ಗಿಡ ಬೇಗ ಕಿತ್ತು ಹಾಕುವುದು, ಈ ಕಡೆ ಗಮನ ಕೊಡಿ. ಎಲ್ಲಕ್ಕೂ ನೀರನ್ನೇ ದೂರುತ್ತಾ ಕೂತರೆ ಈ ವರ್ಷದ ಬೆಳೆಯೂ ಹೋಗುತ್ತದೆ.

ಹಾಗಂತ ಊರಿನವರ ಚಿಂತೆ ಸುಳ್ಳಲ್ಲ. 2018ರಲ್ಲಿ ಶುರುವಾದ ಈ ಯೋಜನೆಯ ಗುರಿ ದಿನಕ್ಕೆ 440 ದಶಲಕ್ಷ ಲೀಟರ್ ನೀರು. ಅದು ಎರಡನೇ ಹಂತದವರೆಗೆ ಮಾತ್ರ ಶುದ್ಧ ಮಾಡಿದ ಕೊಳಚೆ ನೀರು. ಆ ಹಂತದಲ್ಲಿ ಕೊಳೆಯುವ ವಸ್ತುವನ್ನು ಬ್ಯಾಕ್ಟೀರಿಯಾಗಳು ತಿಂದು ಮುಗಿಸುತ್ತವೆ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಬಹುಪಾಲು ಅಲ್ಲೇ ಒಡೆದುಹೋಗುತ್ತವೆ. ನೋವಿಗೆ ಕೊಡುವ ಡೈಕ್ಲೋಫೆನಾಕ್ ಅರ್ಧಂಬರ್ಧ. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್ ಮಾತ್ರ ಹೋದ ಹಾಗೇ ಹೊರಗೆ ಬರುತ್ತದೆ, ಮಣ್ಣಿನಲ್ಲೂ ಬೇಗ ಕರಗುವುದಿಲ್ಲ. ಜುಕಿನಿ ಗಿಡದ ಮಣ್ಣಿಗೆ ಅದನ್ನು ಜಾಸ್ತಿ ಬೆರೆಸಿದ ಪ್ರಯೋಗದಲ್ಲಿ ಎಲೆಯ ಅಂಚು ಸುಟ್ಟ ಹಾಗಾಗಿ ಬಿಳಿ ಚುಕ್ಕೆ ಬಂದವು, ಗಿಡದ ಹಾರ್ಮೋನ್‌ಗಳೂ ಏರುಪೇರಾದವು. ಹೊಲದ ಮಣ್ಣಿನಲ್ಲಿ ಅಷ್ಟು ಸೇರುವುದು ಕಷ್ಟ. ಇನ್ನೊಂದು ವಿಷಯ, ಅತಿ ಕಡಿಮೆ ಪ್ರಮಾಣದ ಆಂಟಿಬಯೋಟಿಕ್ ಕೆಲವು ಸಲ ಬೇರನ್ನು ಸ್ವಲ್ಪ ಉದ್ದ ಮಾಡಿದ್ದೂ ಇದೆ, ಸೌತೆ ಮತ್ತು ಮೂಲಂಗಿಯಲ್ಲಿ ಇದನ್ನು ನೋಡಿದ್ದಾರೆ. ಹಾಗಾಗಿ ಗಿಡ ಸೊಂಪಾಗಿದೆ ಅಂದರೆ ನೀರಲ್ಲಿ ಏನೂ ಇಲ್ಲ ಅಂತಲ್ಲ. ಕೊಳಚೆ ನೀರಿನ ಸಾರಜನಕದಿಂದಲೇ ಗಿಡ ಕಪ್ಪು ಹಸಿರಾಗಿ ಬೆಳೆಯುತ್ತದೆ.

ಕೆರೆಯ ನೀರು ಅಂತರ್ಜಲಕ್ಕೆ ಇಳಿಯಲಿ ಅಂತ ಬಿಟ್ಟಿದ್ದು. ಅದಕ್ಕೆ ನೇರವಾಗಿ ಪಂಪ್ ಇಡಬೇಡಿ. ಮಣ್ಣಿನ ಮೂಲಕ ಇಳಿಯುವಾಗ ಎಷ್ಟೋ ಔಷಧಿ ಜೇಡಿಗೆ ಅಂಟಿ ಅಲ್ಲೇ ನಿಲ್ಲುತ್ತದೆ. ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ನಿಮ್ಮ ಜಿಲ್ಲೆಯವರು ಕೇಳುತ್ತಿರುವುದು ನ್ಯಾಯವಾದದ್ದೇ. ನಾನೂ ನಿಮ್ಮ ಜೊತೆ ಕೇಳುತ್ತೇನೆ.

ಪ್ರಶ್ನೆ: ಹೈದರಾಬಾದ್ ಪಕ್ಕದ ಔಷಧಿ ಕಾರ್ಖಾನೆಗಳ ನೀರು ಮಂಜೀರಾಕ್ಕೆ ಸೇರಿದೆ ಅಂತ ಓದಿದೆ. ನಮಗೂ ಬರುತ್ತಾ? (ಬೀದರ್)

ಆ ನೀರು ನಿಮಗೆ ಬರುವುದಿಲ್ಲ. ಮಂಜೀರಾ ಬೀದರ್ ದಾಟಿ ತೆಲಂಗಾಣಕ್ಕೆ ಹೋದ ಮೇಲೆ ನಕ್ಕವಾಗು ಹಳ್ಳ ಅದನ್ನು ಸೇರುತ್ತದೆ. ಪಟಾನ್‌ಚೆರುವಿನ ಕಾರ್ಖಾನೆ ನೀರು ಹರಿದಿದ್ದು ಆ ಹಳ್ಳದ ಕಡೆಗೆ.

ಅಲ್ಲಿ ಆಗಿದ್ದು ಮಾತ್ರ ಭಯಂಕರ. ಸುಮಾರು 90 ಕಾರ್ಖಾನೆಗಳ ನೀರನ್ನು ಶುದ್ಧ ಮಾಡುವ ಘಟಕದಿಂದ ಹೊರಬಂದ ನೀರನ್ನು ಸ್ವೀಡನ್ನಿನ ವಿಜ್ಞಾನಿಗಳು ಪರೀಕ್ಷಿಸಿ 2007ರಲ್ಲಿ ವರದಿ ಮಾಡಿದರು. ಸಿಪ್ರೊಫ್ಲೋಕ್ಸಾಸಿನ್ ಅನ್ನುವ ಆಂಟಿಬಯೋಟಿಕ್ ಒಂದೇ ಲೀಟರ್‌ಗೆ 31 ಮಿಲಿಗ್ರಾಂವರೆಗೆ ಇತ್ತು. ಅದೇ ಮಾತ್ರೆ ನುಂಗಿದ ರೋಗಿಯ ರಕ್ತದಲ್ಲೂ ಅಷ್ಟಿರುವುದಿಲ್ಲ! ಒಂದು ದಿನಕ್ಕೆ ಸುಮಾರು 45 ಕೆ.ಜಿ. ಹರಿದುಹೋಗುತ್ತಿತ್ತು ಅಂತ ಲೆಕ್ಕ ಹಾಕಿದರು. ನೆನಪಿಡಿ, ಇದು ಶುದ್ಧ ಮಾಡಿದ ಮೇಲಿನ ನೀರು. ಇಂಥ ಜಾಗದಲ್ಲಿ ನನ್ನ ಹೆಸರುಕಾಳಿನ ತಟ್ಟೆಯ ಅಳತೆ ದೂರದ ಮಾತಲ್ಲ. ಸಿಪ್ರೊಫ್ಲೋಕ್ಸಾಸಿನ್ ಮಣ್ಣಿನ ಜೇಡಿಗೆ ಬಿಗಿಯಾಗಿ ಅಂಟುತ್ತದೆ, ಗಿಡದ ಮೇಲಕ್ಕೆ ಹೆಚ್ಚು ಏರುವುದಿಲ್ಲ, ಆದರೆ ಬೇರು ಇರುವುದು ಆ ಮಣ್ಣಿನಲ್ಲೇ ಅಲ್ವಾ.

ಕಾರ್ಖಾನೆ ನೀರಿನಲ್ಲಿ ಯಾವ ಆಂಟಿಬಯೋಟಿಕ್ ಎಷ್ಟಿರಬಹುದು ಅಂತ ಮಿತಿ ಹಾಕುವ ಕರಡನ್ನು ಕೇಂದ್ರ ಪರಿಸರ ಸಚಿವಾಲಯ 2020ರ ಜನವರಿಯಲ್ಲಿ ಹೊರಡಿಸಿತ್ತು. 2021ರ ಅಂತಿಮ ಅಧಿಸೂಚನೆಯಲ್ಲಿ ಆ ಮಿತಿಗಳೇ ಇರಲಿಲ್ಲ. ಇದನ್ನು ಓದಿದ ದಿನ ನನಗೆ ತುಂಬಾ ಬೇಜಾರಾಯಿತು. ಹೊಲ ಇರುವವರು ಬೀದರ್‌ನಲ್ಲಿರಲಿ, ಪಟಾನ್‌ಚೆರುವಿನಲ್ಲಿರಲಿ, ಪಕ್ಕದ ಹಳ್ಳದಲ್ಲಿ ಏನು ಹರಿಯುತ್ತಿದೆ ಅಂತ ತಿಳಿಯುವ ಹಕ್ಕು ಅವರಿಗಿದೆ.

ಪ್ರಶ್ನೆ: ಫಾರಂ ಕೋಳಿ ಗೊಬ್ಬರ ಎರಡು ಲೋಡ್ ಹಾಕಿಸಿದೆ. ಅವರೆ ಗಿಡ ಕಿತ್ತು ನೋಡಿದರೆ ಬೇರಿನಲ್ಲಿ ಗಂಟೇ ಇಲ್ಲ. ಕೋಳಿಗೆ ಕೊಟ್ಟ ಔಷಧಿಯಿಂದ ಹೀಗಾಗುತ್ತಾ? (ಹಾಸನ)

ಆಗಬಹುದು, ಆದರೆ ಮೊದಲು ಅನುಮಾನಿಸಬೇಕಾದ್ದು ಬೇರೆ. ಕೋಳಿ ಗೊಬ್ಬರದಲ್ಲಿ ಸಾರಜನಕ ಜಾಸ್ತಿ. ಬೇರಿನ ಗಂಟು ಗಾಳಿಯ ಸಾರಜನಕವನ್ನು ಗಿಡಕ್ಕೆ ಹಿಡಿದುಕೊಡುತ್ತದೆ. ಅದು ಮಣ್ಣಲ್ಲೇ ಬೇಕಾದಷ್ಟು ಸಿಕ್ಕಿದರೆ ಅವರೆ ಗಂಟು ಕಟ್ಟುವ ಗೋಜಿಗೆ ಹೋಗುವುದಿಲ್ಲ.

ಔಷಧಿಯ ಪಾಲೂ ಇದೆ. ಕೋಳಿ ತಿಂದ ಟೆಟ್ರಾಸೈಕ್ಲಿನ್‌ನ ದೊಡ್ಡ ಭಾಗ ಹಿಕ್ಕೆಯಲ್ಲಿ ಹಾಗೇ ಬರುತ್ತದೆ. ಗಂಟು ಕಟ್ಟಿಸುವ ರೈಜೋಬಿಯಂ ಕೂಡ ಬ್ಯಾಕ್ಟೀರಿಯಾನೇ, ಅದಕ್ಕೂ ಪೆಟ್ಟು ಬೀಳುತ್ತದೆ. ಮರಳು ಮಿಶ್ರಿತ ಮಣ್ಣಿನಲ್ಲಿ ಪೆಟ್ಟು ಜಾಸ್ತಿ, ಎರೆ ಮಣ್ಣಿನಲ್ಲಿ ಕಡಿಮೆ. 1980ರ ಆಸುಪಾಸಿನಲ್ಲೇ ಅಮೆರಿಕದಲ್ಲಿ ಹುರುಳಿಕಾಯಿ ಗಿಡದ ಮೇಲೆ ಟೆಟ್ರಾಸೈಕ್ಲಿನ್ ಪ್ರಯೋಗ ಮಾಡಿದಾಗ ಮಣ್ಣಿನ ಈ ವ್ಯತ್ಯಾಸ ಕಂಡಿತ್ತು.

ಹಸಿ ಗೊಬ್ಬರ ನೇರವಾಗಿ ಹಾಕಬೇಡಿ. ಒಣ ಎಲೆ, ಹೊಟ್ಟು ಬೆರೆಸಿ ರಾಶಿ ಹಾಕಿ, ತೇವ ಇಟ್ಟು, ಮಗುಚುತ್ತಾ ಕೆಲವು ವಾರ ಕಾಯಿಸಿ. ಒಳಗೆ 55 ಡಿಗ್ರಿ ದಾಟಬೇಕು, ಕೈ ಹಾಕಿದರೆ ತಡೆಯಲಾಗಬಾರದು. ಟರ್ಕಿ ಕೋಳಿ ಗೊಬ್ಬರದ ಒಂದು ಪ್ರಯೋಗದಲ್ಲಿ ಹೀಗೆ ಕಾಯಿಸಿದಾಗ ಕ್ಲೋರ್‌ಟೆಟ್ರಾಸೈಕ್ಲಿನ್ ಹೆಚ್ಚುಕಡಿಮೆ ಪೂರ್ತಿ ಹೋಯಿತು. ಸಲ್ಫಾ ಔಷಧಿ ಮಾತ್ರ ಜಗ್ಗಲಿಲ್ಲ. ಅದಕ್ಕೇ ಫಾರಂನವರನ್ನು ಏನು ಔಷಧಿ ಕೊಟ್ಟಿದ್ದೀರಿ ಅಂತ ಕೇಳಿ ತರಿಸಿ. ಕೇಳಲು ಸಂಕೋಚ ಬೇಡ, ದುಡ್ಡು ಕೊಡುವವರು ನೀವು.

ಪ್ರಶ್ನೆ: ದಾಳಿಂಬೆ ಅಂಗಮಾರಿಗೆ ಸ್ಟ್ರೆಪ್ಟೋಸೈಕ್ಲಿನ್ ಹೊಡೆದ ಮೇಲೆ ಎಲೆ ಅಂಚು ಹಳದಿ. (ಕೊಪ್ಪಳ)

ಅದರ ಅಳತೆ ಮೀರಿದರೆ, ಪದೇ ಪದೇ ಹೊಡೆದರೆ ಹಾಗಾಗುತ್ತದೆ. ಮೇಲೆ ಹೇಳಿದ ಕ್ಲೋರೋಪ್ಲಾಸ್ಟ್ ಕಾರಣವೇ. ಸ್ಟ್ರೆಪ್ಟೋಸೈಕ್ಲಿನ್‌ನಲ್ಲಿರುವ ಸ್ಟ್ರೆಪ್ಟೋಮೈಸಿನ್ ಕ್ಷಯ ರೋಗಕ್ಕೆ ಬಳಸುವ ಔಷಧಿ. ಅದನ್ನು ಬೆಳೆಗೆ ಹೊಡೆಯುವುದನ್ನು ನಿಲ್ಲಿಸುವ ಕರಡು ಆದೇಶವನ್ನು ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲಿ ಹೊರಡಿಸಿತ್ತು. ರೋಗದ ಕೊಂಬೆ ಕತ್ತರಿಸಿ ಸುಡಿ, ಕತ್ತರಿಯನ್ನು ಪ್ರತಿ ಗಿಡಕ್ಕೂ ತೊಳೆಯಿರಿ. ಸಿಂಪಡಣೆ ಬಗ್ಗೆ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಿ.

ಪ್ರಶ್ನೆ: ಹಾಗಾದರೆ ಸೊಪ್ಪು ತಿನ್ನೋದು ಬಿಡಬೇಕಾ? (ಬೆಂಗಳೂರು)

ಖಂಡಿತ ಬಿಡಬೇಡಿ. ಆದರೆ ಯಾವ ನೀರಲ್ಲಿ ಬೆಳೆದದ್ದು ಅಂತ ಕೇಳಿ ತಗೊಳ್ಳಿ. ಗಿಡ ನೀರು ಎಳೆದು ಎಲೆಯಿಂದ ಆವಿ ಬಿಡುತ್ತದೆ, ಜೊತೆಗೆ ಬಂದ ಕಾರ್ಬಮಜೆಪಿನ್‌ನಂಥದ್ದು ಎಲೆಯಲ್ಲೇ ಉಳಿಯುತ್ತದೆ. ಅದಕ್ಕೇ ಸೊಪ್ಪಿನಲ್ಲಿ ಜಾಸ್ತಿ, ಗಡ್ಡೆಯಲ್ಲಿ ಅದಕ್ಕಿಂತ ಕಡಿಮೆ, ಟೊಮೆಟೊದಂಥ ಹಣ್ಣಿನಲ್ಲಿ ಇನ್ನೂ ಕಡಿಮೆ. ಇಸ್ರೇಲಿನಲ್ಲಿ 34 ಜನರಿಗೆ ಶುದ್ಧೀಕರಿಸಿದ ಕೊಳಚೆ ನೀರಿನ ತರಕಾರಿ ಒಂದು ವಾರ, ಸಿಹಿನೀರಿನದ್ದು ಇನ್ನೊಂದು ವಾರ ಕೊಟ್ಟು ನೋಡಿದರು. 2016ರಲ್ಲಿ ಬಂದ ಆ ವರದಿ ಪ್ರಕಾರ, ಮೊದಲಿನ ತರಕಾರಿ ತಿಂದವರ ಮೂತ್ರದಲ್ಲಿ ಕಾರ್ಬಮಜೆಪಿನ್ ಏರಿತ್ತು. ಮಾತ್ರೆ ನುಂಗುವವರಿಗೆ ಹೋಲಿಸಿದರೆ ಅದು ತೀರಾ ಕಡಿಮೆ. ತೊಳೆದರೆ ಹೋಗುವುದಿಲ್ಲ, ಅದು ಎಲೆಯ ಒಳಗಿರುತ್ತದೆ.

ಕಾವೇರಿ ನೀರಿನಲ್ಲೂ ಔಷಧಿಗಳಿವೆ. ಐಐಟಿ ಮದ್ರಾಸ್‌ನವರು ತಮಿಳುನಾಡಿನ ಭಾಗದಲ್ಲಿ ಎರಡು ವರ್ಷ ನೀರು ಪರೀಕ್ಷಿಸಿ, ಐಬುಪ್ರೊಫೆನ್, ಡೈಕ್ಲೋಫೆನಾಕ್, ಸಿಪ್ರೊಫ್ಲೋಕ್ಸಾಸಿನ್, ಕಾರ್ಬಮಜೆಪಿನ್ ಎಲ್ಲ ಸಿಕ್ಕಿವೆ ಅಂತ 2021ರಲ್ಲಿ ಹೇಳಿದರು. ಡೈಕ್ಲೋಫೆನಾಕ್ ಅಂದರೆ ನಮ್ಮ ರಣಹದ್ದುಗಳನ್ನು ಕೊಂದ ಔಷಧಿ, ದನಗಳಿಗೆ ಕೊಡುವುದನ್ನು 2006ರಲ್ಲೇ ನಿಲ್ಲಿಸಿದರು. ಮನುಷ್ಯರ ಮೂಲಕ ಅದು ನೀರಿಗೆ ಇನ್ನೂ ಬರುತ್ತಲೇ ಇದೆ, ಮೂಲಂಗಿಯ ಬೇರಿನ ಮೇಲೂ ಪರಿಣಾಮ ಮಾಡುತ್ತದೆ.

ಪ್ರಶ್ನೆ: ಮಣ್ಣಿಗೂ ಬೇಡ, ಟಾಯ್ಲೆಟ್‌ಗೂ ಬೇಡ. ಹಳೇ ಮಾತ್ರೆ ಎಲ್ಲಿಗೆ ಹಾಕಬೇಕು? (ದಾವಣಗೆರೆ)

2016ರ ಘನತ್ಯಾಜ್ಯ ನಿಯಮದಲ್ಲಿ ಅವಧಿ ಮುಗಿದ ಔಷಧಿ ಮನೆಯ ಅಪಾಯಕಾರಿ ಕಸದ ಪಟ್ಟಿಗೆ ಸೇರಿಸಿದ್ದರು, ಬ್ಯಾಟರಿ, ಟ್ಯೂಬ್‌ಲೈಟ್ ಜೊತೆ. ಮಾತ್ರೆಯನ್ನು ಅದರ ಸ್ಟ್ರಿಪ್‌ನಿಂದ ಬಿಚ್ಚದೆ ಬೇರೆ ಕವರಿಗೆ ಹಾಕಿ, ಮೇಲೆ "ಹಳೇ ಔಷಧಿ" ಅಂತ ಬರೆದು ಕಸದ ಗಾಡಿಯವರ ಕೈಗೆ ಕೊಡಿ. ಹಸಿ ಕಸಕ್ಕೆ ಸೇರಿಸಬೇಡಿ, ಅದು ಗೊಬ್ಬರವಾಗಿ ಮತ್ತೆ ಹೊಲಕ್ಕೇ ಬರುತ್ತದೆ. ನಿಮ್ಮ ಮೆಡಿಕಲ್ ಶಾಪ್‌ನವರು ವಾಪಸ್ ತಗೋತಾರಾ ಅಂತ ಒಮ್ಮೆ ಕೇಳಿ ನೋಡಿ, ತಗೊಂಡರೆ ನನಗೂ ಬರೆದು ತಿಳಿಸಿ.