ಆಫ್‌ರೋಡಿಂಗ್‌ನಲ್ಲಿ ಗಾಡಿ ಪಲ್ಟಿಯಾದರೆ ಏನು ಮಾಡಬೇಕು? ಎತ್ತಿ ನಿಲ್ಲಿಸಿದ ಮೇಲೆ ಓಡಿಸಿಕೊಂಡು ಬರಬಹುದಾ?

ನೀವು ಎರಡು ವಿಷಯ ಕೇಳಿದ್ದೀರಿ. ಹೊಸದಾಗಿ ಆಫ್‌ರೋಡಿಂಗ್ (ಅಂದರೆ ರಸ್ತೆ ಇಲ್ಲದ ಕಡೆ ಗಾಡಿ ಓಡಿಸೋದು) ಶುರು ಮಾಡಿದ್ದೀರಿ, ಗಾಡಿ ಮಗುಚಿದರೆ ಒಳಗಿರುವವರು ಏನು ಮಾಡಬೇಕು ಅನ್ನೋದು ಒಂದು. ಎಲ್ಲರೂ ಸೇರಿ ಎತ್ತಿ ನಿಲ್ಲಿಸಿದರೆ ಸ್ಟಾರ್ಟ್ ಮಾಡಿ ವಾಪಸ್ ಬರಬಹುದಾ ಅನ್ನೋದು ಇನ್ನೊಂದು. ಎರಡನೆಯದಕ್ಕೆ ಮೊದಲೇ ಹೇಳಿಬಿಡುತ್ತೇನೆ: ನಿಲ್ಲಿಸಿದ ತಕ್ಷಣ ಕೀ ತಿರುಗಿಸಬೇಡಿ. ಯಾಕೆ ಅಂತ ಕೆಳಗೆ ಬರೆದಿದ್ದೇನೆ.

ನಾನು ಬಹಳ ವರ್ಷಗಳಿಂದ ಈ ಹವ್ಯಾಸದಲ್ಲಿದ್ದೇನೆ. ಬಿದ್ದ ಗಾಡಿಗಳನ್ನು ಎತ್ತೋದಕ್ಕೆ ಕೈ ಜೋಡಿಸಿದ್ದೇನೆ. ನಾನು ನೋಡಿದ ಪಲ್ಟಿಗಳು ಹೆಚ್ಚಾಗಿ ನಡಿಗೆಯ ವೇಗದಲ್ಲೇ ಆದವು. ಗಾಡಿ ವಾಲುತ್ತದೆ, ಒಂದು ಕ್ಷಣ ಹಾಗೇ ತೂಗುತ್ತದೆ, ಆಮೇಲೆ ಮಗ್ಗುಲಿಗೆ ಮಲಗುತ್ತದೆ. ಬೆಲ್ಟ್ ಹಾಕಿದ್ದವರು ತರಚು ಗಾಯದೊಂದಿಗೆ ಹೊರಗೆ ಬರುತ್ತಾರೆ. ನನಗೆ ನಿಜವಾಗಿ ಭಯ ಆಗೋದು ಅದರ ನಂತರದ ಅರ್ಧ ಗಂಟೆ. ಯಾರೋ ಬೆಲ್ಟ್ ಬಿಚ್ಚಿ ತಲೆ ಕೆಳಗಾಗಿ ಬೀಳುತ್ತಾರೆ, ಇನ್ಯಾರೋ ಗಾಡಿಯ ಕೆಳಗಿನ ಪಕ್ಕಕ್ಕೆ ಓಡುತ್ತಾರೆ, ಮತ್ತೊಬ್ಬರು ಸಿಕ್ಕಲ್ಲಿ ಹಗ್ಗ ಕಟ್ಟಿ ಎಳೆಯೋಕೆ ಹೊರಡುತ್ತಾರೆ. ಜನ ಹೊರಗೆ ಬಂದ ಮೇಲೆ ಗಾಡಿಗೆ ಯಾವ ಅವಸರವೂ ಇಲ್ಲ. ಇದೊಂದು ಮಾತು ನೆನಪಿದ್ದರೆ ಉಳಿದದ್ದೆಲ್ಲ ಸುಲಭ.

ಮೊದಲು ಬೀಳದೇ ಇರುವ ಬಗ್ಗೆ. ಗಾಡಿ ಎಷ್ಟು ಓರೆಗೆ ಮಗುಚುತ್ತದೆ ಅನ್ನೋದಕ್ಕೆ ಒಂದು ಸರಳ ಲೆಕ್ಕ ಇದೆ. ಎಡ ಬಲ ಚಕ್ರಗಳ ನಡುವಿನ ಅಂತರದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಬೇಕು. ಎಸ್‌ಯುವಿಗಳಿಗೆ ಇದು ಸಾಮಾನ್ಯವಾಗಿ 1.0ರಿಂದ 1.3ರ ನಡುವೆ ಬರುತ್ತದೆ. 1 ಅಂದರೆ ಲೆಕ್ಕದ ಪ್ರಕಾರ 45 ಡಿಗ್ರಿಯವರೆಗೆ ನಿಲ್ಲಬೇಕು. ಆದರೆ ಬೆಟ್ಟದಲ್ಲಿ ಈ ಲೆಕ್ಕ ನಂಬಿ ಹೋಗುವ ಹಾಗಿಲ್ಲ. ಓರೆಯಲ್ಲಿ ಕೆಳಗಿನ ಪಕ್ಕದ ಸ್ಪ್ರಿಂಗ್ ಕುಸಿಯುತ್ತದೆ, ಟೈರ್ ಚಪ್ಪಟೆಯಾಗುತ್ತದೆ, ಬಾಡಿ ಇನ್ನಷ್ಟು ವಾಲುತ್ತದೆ. ಜೊತೆಗೆ ನೆಲ ಸಮ ಇರೋದಿಲ್ಲ. ಚಕ್ರಗಳ ಅಂತರ ಒಂದೂವರೆ ಮೀಟರ್ ಅಂದುಕೊಳ್ಳಿ. ನೀವು 25 ಡಿಗ್ರಿ ಓರೆಯಲ್ಲಿ ಅಡ್ಡ ಹೋಗುತ್ತಿದ್ದೀರಿ. ಮೇಲಿನ ಚಕ್ರ 25 ಸೆಂಟಿಮೀಟರ್ ಕಲ್ಲು ಹತ್ತಿದರೆ ಸುಮಾರು ಒಂಬತ್ತೂವರೆ ಡಿಗ್ರಿ ಸೇರುತ್ತದೆ. ಅದೇ ಹೊತ್ತಿಗೆ ಕೆಳಗಿನ ಚಕ್ರ ಅಷ್ಟೇ ಆಳದ ಗುಂಡಿಗೆ ಇಳಿದರೆ ಒಟ್ಟು 44ರ ಹತ್ತಿರ ಹೋಗುತ್ತದೆ. ಸಸ್ಪೆನ್ಷನ್ ಒಂದಿಷ್ಟು ನುಂಗಿಕೊಳ್ಳುತ್ತದೆ, ನಿಜ. ಆದರೂ ಉಳಿಯುವ ಅಂತರ ಬಹಳ ಕಡಿಮೆ. ಅದಕ್ಕೇ ಅಡ್ಡ ಓರೆ ಕಂಡರೆ ಇಳಿದು ನಡೆದು ನೋಡಬೇಕು. ಎಷ್ಟು ಓರೆ ಇದೆ ಅನ್ನೋದಕ್ಕಿಂತ ಮೇಲಿನ ಚಕ್ರದ ಸಾಲಿನಲ್ಲಿ ಕಲ್ಲು ಎಲ್ಲಿದೆ, ಕೆಳಗಿನ ಸಾಲಿನಲ್ಲಿ ಗುಂಡಿ ಎಲ್ಲಿದೆ ಅನ್ನೋದನ್ನು ನೋಡಿ.

ಟಾಪ್ ಮೇಲೆ ಸಾಮಾನು ಹೇರೋದು ಈ ಲೆಕ್ಕವನ್ನೇ ಕೆಡಿಸುತ್ತದೆ. ಟೆಂಟ್, ನೀರಿನ ಕ್ಯಾನ್, ಸ್ಟೆಪ್ನಿ ಎಲ್ಲ ಮೇಲೆ ಹೋದರೆ ಗುರುತ್ವ ಕೇಂದ್ರವೂ ಮೇಲೆ ಹೋಗುತ್ತದೆ. ಗಾಡಿಯನ್ನು ಎತ್ತರಿಸುವ ಲಿಫ್ಟ್ ಕಿಟ್ ಹಾಕಿಸಿ ದೊಡ್ಡ ಟೈರ್ ಹಾಕಿದರೂ ಹಾಗೇ. ಭಾರದ ಸಾಮಾನು ಕೆಳಗೆ, ಮಧ್ಯದಲ್ಲಿ, ಬಿಗಿಯಾಗಿ ಕಟ್ಟಿ ಇಡಿ. ಪಲ್ಟಿಯಲ್ಲಿ ಬಿಡಿಯಾಗಿರುವ ಜಾಕ್ ಅಥವಾ ಟೂಲ್ ಬಾಕ್ಸ್ ನೇರ ತಲೆಗೆ ಬರುತ್ತದೆ.

ಏರು ಹತ್ತುವಾಗ ನೇರ ಹತ್ತಿ, ಇಳಿಯುವಾಗ ನೇರ ಇಳಿಯಿರಿ. ಅರ್ಧ ಏರಿನಲ್ಲಿ ಗಾಡಿ ನಿಂತುಹೋದರೆ ಅಲ್ಲೇ ತಿರುಗಿಸಿಕೊಂಡು ಬರೋಣ ಅನ್ನಿಸುತ್ತದೆ. ಅದು ತುಂಬಾ ಅಪಾಯ. ತಿರುಗಿಸುವಾಗ ಗಾಡಿ ಅಡ್ಡ ನಿಲ್ಲುತ್ತದೆ, ಅಲ್ಲಿಂದ ಉರುಳಿದರೆ ಕೆಳಗಿನವರೆಗೂ ಉರುಳುತ್ತದೆ. ಬ್ರೇಕ್ ಒತ್ತಿ ಹಿಡಿಯಿರಿ, ಲೋ ರೇಂಜ್‌ನಲ್ಲಿ (ನಿಧಾನಕ್ಕೆ, ಹೆಚ್ಚು ಬಲದಲ್ಲಿ ಹೋಗೋಕೆ ಇರುವ ಗೇರ್ ಸೆಟ್) ರಿವರ್ಸ್ ಗೇರ್ ಹಾಕಿ, ಕ್ಲಚ್ ಪೂರ್ತಿ ಬಿಟ್ಟು ಎಂಜಿನ್ ಹಿಡಿತದಲ್ಲೇ ನೇರ ಹಿಂದಕ್ಕೆ ಇಳಿಸಿ. ಕ್ಲಚ್ ಒತ್ತಿಕೊಂಡು ಮಾತ್ರ ಜಾರಿಸಬೇಡಿ.

ಅಡ್ಡ ಓರೆಯಲ್ಲಿ ಗಾಡಿ ವಾಲೋಕೆ ಶುರುವಾದರೆ ಸ್ಟೇರಿಂಗನ್ನು ಇಳಿಜಾರಿನ ಕಡೆಗೇ ತಿರುಗಿಸಿ ಮೆಲ್ಲಗೆ ಆಕ್ಸಲರೇಟರ್ ಕೊಡಿ. ಮನಸ್ಸು ಮೇಲಕ್ಕೆ ತಿರುಗಿಸು ಅನ್ನುತ್ತದೆ. ಹಾಗೆ ಮಾಡಿದರೆ ಗಾಡಿ ಇನ್ನೂ ಬೇಗ ಮಗುಚುತ್ತದೆ. ಮೂತಿ ಕೆಳಗಾದರೆ ಮಾತ್ರ ಚಕ್ರಗಳು ಮತ್ತೆ ಭಾರ ಹೊರುತ್ತವೆ. ಇದು ಕೆಳಗೆ ಜಾಗ ಇದ್ದರೆ ಮಾತ್ರ. ಮರವೋ ಪ್ರಪಾತವೋ ಇದ್ದರೆ ಅಲ್ಲೇ ನಿಲ್ಲಿಸಿ. ಮೇಲಿನ ಪಕ್ಕದಿಂದ ಒಂದು ಎಳೆಯುವ ಪಟ್ಟಿ (ಸ್ಟ್ರಾಪ್) ಕಟ್ಟಿ ಹಿಡಿಸಿ. ಕೆಳಗಿನ ಪಕ್ಕದಲ್ಲಿ ಯಾರೂ ನಿಲ್ಲಬಾರದು. ಎರಡು ಟನ್ ಗಾಡಿಯನ್ನು ಕೈಯಿಂದ ತಡೆಯೋಕೆ ಆಗೋದಿಲ್ಲ.

ಬೆಲ್ಟ್ ವಿಷಯದಲ್ಲಿ ನಾನು ಸ್ವಲ್ಪ ಹಠಮಾರಿ. ನಿಧಾನ ಹೋಗ್ತೀವಲ್ವಾ, ಕಿಟಕಿಯಿಂದ ಬಗ್ಗಿ ಚಕ್ರ ನೋಡಬೇಕು ಅಂತ ಬೆಲ್ಟ್ ಬಿಚ್ಚುವವರು ಬಹಳ. ನೋಡಬೇಕಾದರೆ ಹೊರಗೆ ಒಬ್ಬರನ್ನು ನಿಲ್ಲಿಸಿ. ವೋಲ್ವೋದ ಎಂಜಿನಿಯರ್ ನಿಲ್ಸ್ ಬೋಲಿನ್ ಮಾಡಿದ ಮೂರು ಬಿಂದುಗಳ ಸೀಟ್ ಬೆಲ್ಟ್ ಕಾರುಗಳಿಗೆ ಬಂದದ್ದು 1959ರಲ್ಲಿ. ಅದೇ 1959ರಲ್ಲಿ ಸ್ವೀಡನ್ ಹೊಸ ಟ್ರ್ಯಾಕ್ಟರುಗಳಿಗೆ ಪಲ್ಟಿಯಿಂದ ಕಾಪಾಡುವ ಚೌಕಟ್ಟನ್ನು ಕಡ್ಡಾಯ ಮಾಡಿತು. ಎರಡೂ ಒಂದೇ ವರ್ಷ ಆದದ್ದು ಆಕಸ್ಮಿಕ ಇರಬಹುದು. ಆದರೆ ಎರಡೂ ಜೊತೆಯಾಗಿದ್ದರೇ ಪೂರ್ತಿ ಕೆಲಸ ಮಾಡುತ್ತವೆ. ರೋಲ್ ಕೇಜ್, ಅಂದರೆ ಗಾಡಿಯೊಳಗಿನ ಅಂಥ ಪೈಪ್ ಚೌಕಟ್ಟು, ಜಾಗ ಉಳಿಸುತ್ತದೆ, ನಿಮ್ಮನ್ನು ಆ ಜಾಗದೊಳಗೆ ಇಡೋದು ಬೆಲ್ಟ್. ಬೆಲ್ಟ್ ಇಲ್ಲದಿದ್ದರೆ ಕೇಜಿನ ಪೈಪೇ ತಲೆಗೆ ಹೊಡೆಯುತ್ತದೆ.

ಗಾಡಿ ಉರುಳೋದು ಖಚಿತ ಅನ್ನಿಸಿದಾಗ ಹಾರಬೇಡಿ. ಕೈ ಹೊರಗೆ ಚಾಚಬೇಡಿ. ಬೀಳುವ ಗಾಡಿಯನ್ನು ಕೈ ಕೊಟ್ಟು ತಡೆಯೋಕೆ ದೇಹ ತಾನಾಗಿ ಹೋಗುತ್ತದೆ, ಆಫ್‌ರೋಡ್ ಪಲ್ಟಿಗಳಲ್ಲಿ ಕೈ ಜಜ್ಜಿಹೋಗೋದು ಹೀಗೇ. ಪಕ್ಕದಲ್ಲಿ, ಹಿಂದೆ ಕೂತವರು ಎದೆಯ ಮೇಲಿನ ತಮ್ಮ ಬೆಲ್ಟನ್ನೇ ಎರಡೂ ಕೈಯಲ್ಲಿ ಹಿಡಿದುಕೊಳ್ಳಲಿ. ಡ್ರೈವರ್ ಕಾಲು ಆಕ್ಸಲರೇಟರ್‌ನಿಂದ ತೆಗೆಯಬೇಕು, ಹೆಬ್ಬೆರಳುಗಳನ್ನು ಸ್ಟೇರಿಂಗ್ ಚಕ್ರದ ಒಳಗೆ ಸಿಕ್ಕಿಸಿಕೊಳ್ಳಬಾರದು.

ನಿಂತ ಮೇಲೆ ಮೊದಲ ಕೆಲಸ ಇಗ್ನಿಷನ್ ಆಫ್. ಮಗುಚಿದ ಎಂಜಿನ್ ಓಡುತ್ತಿದ್ದರೆ ಆಯಿಲ್ ಪಂಪಿಗೆ ಆಯಿಲ್ ಸಿಗದೆ ಬೇರಿಂಗ್ ಸುಡುತ್ತದೆ. ಇಂಧನ ಸೋರಿದ್ದರೆ ಬೆಂಕಿಯ ಭಯ ಬೇರೆ. ಆಮೇಲೆ ಒಬ್ಬೊಬ್ಬರ ಹೆಸರು ಕೂಗಿ ಉತ್ತರ ಕೇಳಿ. ಯಾರಿಗಾದರೂ ಕತ್ತು ಅಥವಾ ಬೆನ್ನು ನೋವಿದ್ದರೆ, ಕೈಕಾಲು ಜೋಮು ಹಿಡಿದಿದ್ದರೆ, ಅವರನ್ನು ಅಲುಗಾಡಿಸಬೇಡಿ. ತಲೆಯನ್ನು ಸ್ಥಿರವಾಗಿ ಹಿಡಿದು ಸಹಾಯಕ್ಕೆ ಫೋನ್ ಮಾಡಿ. ಬೆಂಕಿ, ನೀರು, ಗಾಡಿ ಇನ್ನೂ ಜಾರುವ ಲಕ್ಷಣ ಇದ್ದರೆ ಮಾತ್ರ ಎಳೆದು ಹೊರಗೆ ತರಬೇಕು.

ತಲೆ ಕೆಳಗಾಗಿ ನೇತಾಡುತ್ತಿದ್ದರೆ ಬೆಲ್ಟ್ ಬಟನ್ ಮುಟ್ಟುವ ಮೊದಲು ಒಂದು ಕೈಯನ್ನು ಕೆಳಗಿರುವ ಟಾಪ್‌ಗೆ ಒತ್ತಿ ಹಿಡಿಯಿರಿ. ಕಾಲುಗಳನ್ನು ಡ್ಯಾಶ್‌ಬೋರ್ಡಿನ ಅಡಿಗೆ ಒತ್ತಿ ದೇಹದ ಭಾರ ತಗೊಳ್ಳಿ. ಆಮೇಲೆ ಇನ್ನೊಂದು ಕೈಯಲ್ಲಿ ಬೆಲ್ಟ್ ಬಿಚ್ಚಿ. ಭಾರ ಬಿದ್ದಾಗ ಬಟನ್ ಬಿಗಿಯಾಗಿ ಕೂರೋದೂ ಉಂಟು. ಬೆಲ್ಟ್ ಕತ್ತರಿಸುವ ಚಾಕು ಗ್ಲೋವ್ ಬಾಕ್ಸ್‌ನಲ್ಲಿದ್ದರೆ ಪ್ರಯೋಜನ ಇಲ್ಲ. ನೇತಾಡುವಾಗಲೂ ಕೈಗೆ ಸಿಗುವ ಜಾಗದಲ್ಲಿ ಕಟ್ಟಿಡಿ. ಬೆಂಕಿ ಆರಿಸುವ ಸಿಲಿಂಡರ್ ಕೂಡ ಹಾಗೇ. ಇನ್ನೊಂದು, ಇವತ್ತೇ ನಿಮ್ಮ ಪಕ್ಕದ ಕಿಟಕಿ ಗಾಜಿನ ಮೂಲೆಯಲ್ಲಿರುವ ಗುರುತು ಓದಿ. ಟೆಂಪರ್ಡ್ ಗಾಜಿನ ಮೂಲೆಗೆ ಚೂಪಾದ ಸುತ್ತಿಗೆಯಿಂದ ಹೊಡೆದರೆ ಪುಡಿಯಾಗುತ್ತದೆ. ಲ್ಯಾಮಿನೇಟೆಡ್ ಗಾಜು ಹಾಗೆ ಒಡೆಯೋದಿಲ್ಲ. ಹೊಸ ಗಾಡಿಗಳಲ್ಲಿ ಕೆಲವಕ್ಕೆ ಪಕ್ಕದ ಗಾಜೂ ಲ್ಯಾಮಿನೇಟೆಡ್ ಇರುತ್ತದೆ. ಮಗ್ಗುಲಿಗೆ ಬಿದ್ದ ಗಾಡಿಯ ಮೇಲಿನ ಬಾಗಿಲು ಬಹಳ ಭಾರ, ವಾಪಸ್ ಬಿದ್ದು ಬೆರಳು ಜಜ್ಜುತ್ತದೆ. ಹಿಂಬಾಗಿಲು ತೆರೆದರೆ ಅಲ್ಲಿಂದ ಬರೋದು ಒಳ್ಳೆಯದು.

ಎಲ್ಲರೂ ಮೇಲಿನ ಪಕ್ಕಕ್ಕೆ ಬಂದು ದೂರ ನಿಂತ ಮೇಲೆ ನೀರು ಕುಡಿದು ಕೂತುಕೊಳ್ಳಿ. ನಿಜವಾಗಿ ಕೂತುಕೊಳ್ಳಿ. ಒಬ್ಬರು ಮಾತ್ರ ಉಸ್ತುವಾರಿ ವಹಿಸಲಿ, ಉಳಿದವರು ಅವರ ಮಾತು ಕೇಳಲಿ. ಗಾಡಿ ಇನ್ನೂ ಉರುಳಬಹುದಾದರೆ ಮೊದಲು ಮೇಲಿನಿಂದ ಹಗ್ಗ ಕಟ್ಟಿ ಭದ್ರ ಮಾಡಿ. ಆಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಪಲ್ಟಿ ಗುರುತಿಸುವ ಸೆನ್ಸರ್ ಇರುವ ಗಾಡಿಗಳಲ್ಲಿ ಇಗ್ನಿಷನ್ ಆನ್ ಇಟ್ಟು ಗಾಡಿ ತಿರುಗಿಸಿದರೆ ಉಳಿದ ಏರ್‌ಬ್ಯಾಗ್ ಆಗ ಸಿಡಿಯಬಹುದು. ಬ್ಯಾಟರಿ ತೆಗೆದ ಮೇಲೂ ಆ ಸರ್ಕ್ಯೂಟಿನಲ್ಲಿ ಸ್ವಲ್ಪ ಹೊತ್ತು ಚಾರ್ಜ್ ಇರುತ್ತದೆ, ಕೆಲವು ನಿಮಿಷ ಬಿಟ್ಟು ಮುಂದುವರಿಯಿರಿ.

ಎತ್ತುವ ಕೆಲಸಕ್ಕೆ ವಿಂಚ್ ಬೇಕು, ಅಂದರೆ ಡ್ರಮ್ಮಿಗೆ ಹಗ್ಗ ಸುತ್ತಿಕೊಳ್ಳುತ್ತಾ ನಿಧಾನ ಎಳೆಯುವ ಯಂತ್ರ. ರಬ್ಬರಿನ ಹಾಗೆ ಹಿಗ್ಗುವ ಕೈನೆಟಿಕ್ ಹಗ್ಗದಿಂದ ಜರ್ಕ್ ಕೊಟ್ಟು ಎಳೆಯೋದು ಕೆಸರಲ್ಲಿ ಸಿಕ್ಕಿಬಿದ್ದ ಗಾಡಿಗೆ, ಮಗುಚಿದ್ದಕ್ಕಲ್ಲ. ಓರೆಯಲ್ಲಿ ಮಗ್ಗುಲಿಗೆ ಬಿದ್ದ ಗಾಡಿಯ ಚಕ್ರಗಳು ಸಾಮಾನ್ಯವಾಗಿ ಏರಿನ ಕಡೆ ನೋಡುತ್ತಿರುತ್ತವೆ. ಆಕಾಶದ ಕಡೆ ಇರುವ ಪಕ್ಕದ ಚಾಸಿಗೆ (ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು) ಪಟ್ಟಿ ಕಟ್ಟಿ, ಚಕ್ರಗಳು ನೋಡುತ್ತಿರುವ ದಿಕ್ಕಿಗೆ ನಿಧಾನ ಎಳೆಯಬೇಕು. ನೆಲಕ್ಕೆ ತಾಗಿರುವ ಚಕ್ರಗಳು ಜಾರದ ಹಾಗೆ ಕಲ್ಲು ಕೊಡಿ. ಟಾಪ್‌ನ ಕ್ಯಾರಿಯರ್‌ಗೆ, ಕಿಟಕಿ ಕಂಬಕ್ಕೆ ಕಟ್ಟಬೇಡಿ, ಕಿತ್ತು ಬರುತ್ತವೆ. ಟ್ರೇಲರ್ ಸಿಕ್ಕಿಸುವ ಕಬ್ಬಿಣದ ಉಂಡೆಗೆ (ಟೋ ಬಾಲ್) ಯಾವತ್ತೂ ಕಟ್ಟಬೇಡಿ. ಅದು ಮುರಿದು ಗುಂಡಿನ ವೇಗದಲ್ಲಿ ಹಾರಿ ಜನ ಸತ್ತಿದ್ದಾರೆ.

ಇಲ್ಲಿ ಜನ ಮರೆಯೋದು ಎರಡನೇ ಹಗ್ಗವನ್ನು. ಗಾಡಿ ಸಮತೋಲನ ಬಿಂದು ದಾಟಿದ ಕೂಡಲೇ ತನ್ನ ಭಾರಕ್ಕೆ ತಾನೇ ಧೊಪ್ಪನೆ ಚಕ್ರಗಳ ಮೇಲೆ ಬೀಳುತ್ತದೆ, ಕೆಲವೊಮ್ಮೆ ಎಗರಿ ಇನ್ನೊಂದು ಪಕ್ಕಕ್ಕೂ ಹೋಗುತ್ತದೆ. ಟಾಪ್ ಇರುವ ಕಡೆಯಿಂದ ಇನ್ನೊಂದು ಹಗ್ಗ ಕಟ್ಟಿ, ಅದನ್ನು ಸ್ವಲ್ಪ ಸ್ವಲ್ಪವೇ ಸಡಿಲ ಬಿಡುತ್ತಾ ಇಳಿಸಬೇಕು. ಆ ಹಗ್ಗವನ್ನು ಇನ್ನೊಂದು ಗಾಡಿಯ ವಿಂಚಿಗೋ ಮರಕ್ಕೋ ಸುತ್ತಿರಬೇಕು, ಜನ ಕೈಯಲ್ಲಿ ಹಿಡಿಯಬಾರದು. ಪೂರ್ತಿ ತಲೆಕೆಳಗಾಗಿದ್ದರೆ ಮೊದಲು ಮಗ್ಗುಲಿಗೆ, ಆಮೇಲೆ ಚಕ್ರಕ್ಕೆ, ಎರಡು ಹಂತದಲ್ಲಿ ಮಾಡಿ. ವಿಂಚ್ ಡ್ರಮ್ಮಿನ ಮೇಲೆ ಸ್ಟೀಲ್ ಹಗ್ಗವಾದರೆ ಕನಿಷ್ಠ 5 ಸುತ್ತು, ಸಿಂಥೆಟಿಕ್ ಆದರೆ 8ರಿಂದ 10 ಸುತ್ತು ಉಳಿದಿರಲಿ. ಹಗ್ಗದ ಮಧ್ಯೆ ಭಾರದ ಹೊದಿಕೆ ಹಾಕಿ. ಹಗ್ಗದ ಉದ್ದದ ಒಂದೂವರೆ ಪಟ್ಟು ದೂರದೊಳಗೆ ಕೆಲಸ ಇಲ್ಲದವರು ಯಾರೂ ಇರಬಾರದು. ನಿಂತ ಮೇಲೂ ಗಾಡಿ ಅದೇ ಓರೆಯಲ್ಲಿ ಇರುತ್ತದೆ, ಮೂತಿ ಇಳಿಜಾರಿಗೆ ತಿರುಗುವವರೆಗೆ ಹಗ್ಗ ಬಿಚ್ಚಬೇಡಿ.

ಈಗ, ತಕ್ಷಣ ಕೀ ತಿರುಗಿಸಬೇಡಿ ಅಂದದ್ದು ಯಾಕೆ ಅನ್ನೋ ವಿಷಯ. ಮಗ್ಗುಲಾಗಿ ಅಥವಾ ತಲೆಕೆಳಗಾಗಿ ಇದ್ದಾಗ ಆಯಿಲ್ ಬ್ರೀದರ್ ಪೈಪಿನಿಂದ (ಎಂಜಿನ್ ಒಳಗಿನ ಆವಿ ಹೊರಗೆ ಬಿಡುವ ಪೈಪು) ಗಾಳಿ ಒಳಗೆ ಹೋಗುವ ದಾರಿಯಾದ ಇನ್‌ಟೇಕ್‌ಗೆ ಹೋಗುತ್ತದೆ, ಪಿಸ್ಟನ್ ರಿಂಗ್, ವಾಲ್ವ್‌ಗಳ ಸಂದಿನಿಂದ ಸಿಲಿಂಡರಿಗೂ ಇಳಿಯುತ್ತದೆ. ಗಾಳಿಯನ್ನು ಒತ್ತಬಹುದು, ಆಯಿಲನ್ನು ಒತ್ತಲಾಗದು. ಆಗ ಸ್ಟಾರ್ಟ್ ಮಾಡಿದರೆ ಪಿಸ್ಟನ್ ಮೇಲೆ ಬಂದು ಆಯಿಲಿಗೆ ಹೊಡೆದು ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಪಿಸ್ಟನ್ ಮೇಲೆ ಉಳಿಯುವ ಜಾಗ ಬಹಳ ಸಣ್ಣದು, ಆದ್ದರಿಂದ ಸ್ವಲ್ಪ ಆಯಿಲ್ ಸಾಕು. ಬಾಡಿ ನೆಗ್ಗಿದ್ದನ್ನು ಸರಿ ಮಾಡಿಸಬಹುದು, ಎಂಜಿನ್ ಹೋದರೆ ಖರ್ಚು ಬೇರೆಯೇ ಮಟ್ಟದ್ದು. ನಿಜವಾಗಿ ಬೇಜಾರಾಗೋದು, ಪಲ್ಟಿಯಲ್ಲಿ ಉಳಿದ ಎಂಜಿನ್ ಐದು ಸೆಕೆಂಡಿನ ಕ್ರ್ಯಾಂಕಿನಲ್ಲಿ ಹೋಗುವಾಗ.

ಅದಕ್ಕೆ ಗಾಡಿ ಸಮನಾದ ನೆಲದಲ್ಲಿ ಅರ್ಧ ಗಂಟೆಯಾದರೂ ನಿಲ್ಲಲಿ, ಆಯಿಲ್ ಕೆಳಗೆ ಇಳಿಯಲಿ. ಎಂಜಿನ್ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್ ನೋಡಿ, ಕಡಿಮೆಯಾದದ್ದನ್ನು ತುಂಬಿ. ಬ್ಯಾಟರಿ ಆಸಿಡ್ ಚೆಲ್ಲಿದ್ದರೆ ನೀರು ಹಾಕಿ ತೊಳೆಯಿರಿ. ಏರ್ ಫಿಲ್ಟರ್ ಬಿಚ್ಚಿ ನೋಡಿ, ಆಯಿಲ್ ಹಿಡಿದಿದ್ದರೆ ಪೈಪ್ ಪೂರ್ತಿ ಒರೆಸಿ. ಆಮೇಲೆ ಇಂಧನ ಮತ್ತು ಸ್ಪಾರ್ಕಿನ ಕರೆಂಟ್ ತಪ್ಪಿಸಿ, ಪೆಟ್ರೋಲ್ ಗಾಡಿಯಾದರೆ ಸ್ಪಾರ್ಕ್ ಪ್ಲಗ್, ಡೀಸೆಲ್ ಆದರೆ ಗ್ಲೋ ಪ್ಲಗ್ ಬಿಚ್ಚಿ ಸ್ವಲ್ಪ ಕ್ರ್ಯಾಂಕ್ ಮಾಡಬೇಕು, ಅಂದರೆ ಸ್ಟಾರ್ಟರ್‌ನಿಂದ ಎಂಜಿನ್ ತಿರುಗಿಸಬೇಕು. ಇದ್ದ ಆಯಿಲ್ ಜೋರಾಗಿ ಹೊರಗೆ ಚಿಮ್ಮುತ್ತದೆ, ಮುಖ ದೂರ ಇಡಿ. ಇದು ಬಾರದಿದ್ದರೆ ಸುಮ್ನೆ ಪ್ರಯತ್ನಿಸಬೇಡಿ, ಗಾಡಿಯನ್ನು ಹೇರಿಕೊಂಡು ಹೋಗಿ. ಸ್ಟಾರ್ಟ್ ಆದ ಮೇಲೆ ಸ್ವಲ್ಪ ಹೊತ್ತು ನೀಲಿ ಹೊಗೆ ಬರೋದು ಸಹಜ. ಡೀಸೆಲ್ ಎಂಜಿನ್ ತಾನಾಗಿ ರೇಸ್ ಆಗಿ ಕೀ ತೆಗೆದರೂ ನಿಲ್ಲದಿದ್ದರೆ, ಅದು ಇನ್‌ಟೇಕಿನ ಆಯಿಲನ್ನೇ ಸುಡುತ್ತಿದೆ ಅಂತ ಅರ್ಥ. ಗಾಳಿ ಬರುವ ದಾರಿಯನ್ನು ಹಲಗೆಯಿಂದ ಮುಚ್ಚಿ, ಕೈಯಿಂದ ಬೇಡ. ಮ್ಯಾನುವಲ್ ಗಾಡಿಯಾದರೆ ಬ್ರೇಕ್ ಒತ್ತಿ ದೊಡ್ಡ ಗೇರಿನಲ್ಲಿ ಕ್ಲಚ್ ಬಿಟ್ಟು ಬಂದ್ ಮಾಡಬಹುದು.

ಬ್ರೇಕ್ ಪೆಡಲ್ ಗಟ್ಟಿ ಇದೆಯಾ, ಸ್ಟೇರಿಂಗ್ ರಾಡ್ ಬಾಗಿದೆಯಾ, ಟೈರ್ ರಿಮ್ಮಿನಿಂದ ಕಳಚಿದೆಯಾ ನೋಡದೆ ಹೊರಡಬೇಡಿ. ಪಲ್ಟಿಯಲ್ಲಿ ಭಾರ ತಡೆದ ಬೆಲ್ಟುಗಳನ್ನು ಆಮೇಲೆ ಬದಲಾಯಿಸಿ.

ಬಿದ್ದ ಗಾಡಿಯಲ್ಲಿದ್ದವರಿಗೆ ಸ್ಟೇರಿಂಗ್ ಕೊಡಬೇಡಿ, ಬೇರೆಯವರು ಓಡಿಸಲಿ. ಗಾಬರಿಯ ಹೊತ್ತಲ್ಲಿ ನೋವು ಗೊತ್ತಾಗೋದಿಲ್ಲ. ಮುಂದಿನ ಒಂದು ದಿನ ಅವರನ್ನು ಒಬ್ಬರೇ ಇರೋಕೆ ಬಿಡಬೇಡಿ. ತಲೆನೋವು ಜಾಸ್ತಿಯಾಗುತ್ತಿದ್ದರೆ, ವಾಂತಿ, ಮಂಪರು, ಮಾತು ತಡವರಿಸೋದು, ಬೆಲ್ಟ್ ಗುರುತಿನ ಕೆಳಗೆ ಹೊಟ್ಟೆ ನೋವು ಇದ್ದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.