ಸೋಲಿಗರ ಬೆಂಕಿ, ನಮ್ಮ ಪದವು

ಕಾರ್ಕಳ ಕಡೆಯ ಓದುಗರೊಬ್ಬರ ಪತ್ರ: "ಕಾಡಿಗೆ ಬೆಂಕಿ ಕೊಡುವ ಬುಡಕಟ್ಟಿನವರಾದ ಸೋಲಿಗರನ್ನು ಕಳೆದ ಸಂಚಿಕೆಯಲ್ಲಿ ಹೊಗಳಿದ್ದೀರಿ. 2019ರಲ್ಲಿ ಬಂಡೀಪುರ ಉರಿದದ್ದು ಮರೆತುಹೋಯಿತೇ? ಅದು ಅಷ್ಟು ಒಳ್ಳೆಯದಾದರೆ ನಮ್ಮೂರ ಪದವಿಗೂ (ಗುಡ್ಡದ ಮೇಲಿನ ಹುಲ್ಲುಬಯಲಿಗೂ) ಜನವರಿಯಲ್ಲೇ ಬೆಂಕಿ ಕೊಡೋಣವೇ?"

ಉತ್ತರ: ಮರೆತಿಲ್ಲ. ಬಂಡೀಪುರಕ್ಕೆ ಬೆಂಕಿ ಬಿದ್ದದ್ದು ಫೆಬ್ರವರಿ ಕೊನೆಗೆ, ಹುಲ್ಲು, ಲಂಟಾನದ ಕಳೆಪೊದೆ ಎಲ್ಲ ಗರಿಗರಿ ಒಣಗಿದ್ದಾಗ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ತರಗು ಬೆಂಕಿಯ ಹೊತ್ತೇ ಬೇರೆ. ನೆಲದಲ್ಲಿ ಇನ್ನೂ ತೇವ ಇರುವಾಗ, ಬೇಸಿಗೆ ಏರುವ ಮೊದಲೇ ಕೊಡುವ ಬೆಂಕಿ ಅದು. ಮೊಣಕಾಲೆತ್ತರಕ್ಕೂ ಏಳದೆ ತರಗೆಲೆ ನೆಕ್ಕಿಕೊಂಡು ಹೋಗುತ್ತದೆ. ದೊಡ್ಡ ಮರಕ್ಕೆ ಏನೂ ಆಗುವುದಿಲ್ಲ. ಮಾರ್ಚಿನಲ್ಲಿ ಕಿಡಿ ಬಿದ್ದರೂ ಉರಿಯಲು ಅಲ್ಲಿ ಸರಕೇ ಇರುವುದಿಲ್ಲ. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾದ ಮೇಲೆ ಈ ಪದ್ಧತಿಗೆ ತಡೆ ಬಿತ್ತು. ಆಮೇಲೆ ಲಂಟಾನ ಹಬ್ಬಿತು, ನೆಲ್ಲಿಮರಕ್ಕೆ ರಸ ಹೀರುವ ಬಂದಳಿಕೆ ಗಿಡ ಹತ್ತಿತು ಎಂದು ಸೋಲಿಗರು ಹೇಳುತ್ತಲೇ ಬಂದರು. 1997 ಮತ್ತು 2008ರಲ್ಲಿ ಅಲ್ಲಿ ಗಿಡಗಳನ್ನು ಎಣಿಸಿ ನೋಡಿದ ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯವರಿಗೂ ಲಂಟಾನ ಹೆಚ್ಚುಕಡಿಮೆ ಇಮ್ಮಡಿ ಜಾಗದಲ್ಲಿ ಸಿಕ್ಕಿತು. 2011ರಲ್ಲಿ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು, ಎಂದರೆ ಊರವರೆಲ್ಲ ಸೇರಿ ಕಾಡನ್ನು ಬಳಸುವ, ನೋಡಿಕೊಳ್ಳುವ ಹಕ್ಕು ಬಂತು. ಬೆಂಕಿಯ ಹಕ್ಕು ಮಾತ್ರ ಅದರ ಜೊತೆ ಬರಲಿಲ್ಲ.

ಇನ್ನು ನಿಮ್ಮ ಪದವು. ಬೇಡ ಮಾರಾಯ್ರೆ! ಮೀಸಲು ಅರಣ್ಯಕ್ಕೆ ಬೆಂಕಿ ಕೊಡುವುದು ಅಪರಾಧ, ಅದು ಒಂದು. ಸೋಲಿಗರದ್ದು ಬಹುಪಾಲು ಎಲೆ ಉದುರುವ ಕಾಡು, ಘಟ್ಟದ ಬುಡದ ನಮ್ಮ ಹಸಿರು ಕಾಡಿನ ಮರಗಳು ಬೆಂಕಿ ಕಂಡವಲ್ಲ, ಅದು ಇನ್ನೊಂದು. ಸಾಲದ್ದಕ್ಕೆ ಪದವಿನ ಅಂಚಿಗೆ ಎಲ್ಲರದೂ ಗೇರು ತೋಟ, ಜನವರಿಗೆ ಹೂ ಬಿಟ್ಟಿರುತ್ತದೆ.

ನಮ್ಮ ಹಿರಿಯರು ಇದೇ ಕೆಲಸವನ್ನು ಕತ್ತಿ, ಹೆಡಿಗೆಯಲ್ಲಿ ಮುಗಿಸುತ್ತಿದ್ದರು. ಮಳೆ ಹೋಗಿ ಮುಳಿಹುಲ್ಲು ಬಲಿತ ಕೂಡಲೇ ಮನೆಯ ಮಾಡಿಗೆ ಹೊದೆಸಲು ಕೊಯ್ಲು. ಬೇಸಿಗೆ ಬರುವಾಗ ಪದವು ಬೋಳು. ವರ್ಗ ಜಮೀನಿನ (ಸ್ವಂತ ಪಟ್ಟಾ ಜಮೀನಿನ) ಸುತ್ತ 100 ಗಜದ ಕುಮ್ಕಿಯಿಂದ, ಎಂದರೆ ರೈತರ ಬಳಕೆಗೆ ಬಿಟ್ಟ ಸರಕಾರಿ ಜಾಗದಿಂದ, ಸೊಪ್ಪು, ತರಗೆಲೆ ದನದ ಹಟ್ಟಿಗೆ. ಉಳಿದ ಕಸಕಡ್ಡಿ ರಾಶಿ ಹಾಕಿ, ಮೇಲೆ ಮಣ್ಣು ಮುಚ್ಚಿ, ಹೊಗೆಯಾಡುತ್ತಾ ನಿಧಾನ ಬೇಯುವಂತೆ ಬೆಂಕಿ ಇಟ್ಟರೆ ಬಸಳೆ ಬುಡಕ್ಕೆ ಗೊಬ್ಬರವಾಗಿ ಸುಡುಮಣ್ಣು. ಇದನ್ನೆಲ್ಲ ಮಾಡುತ್ತಿದ್ದದ್ದು ಗೊಬ್ಬರಕ್ಕೆ, ಮಾಡಿಗೆ. ಕಾಡ್ಗಿಚ್ಚು ತಪ್ಪುತ್ತಿದ್ದದ್ದು ಅದರ ಲಾಭ. ಈಗ ಮಾಡು ಕಾಂಕ್ರೀಟ್, ಹಟ್ಟಿ ಖಾಲಿ, ಕುಮ್ಕಿಯಲ್ಲಿ ರಬ್ಬರ್. ಎದೆಯೆತ್ತರದ ಹುಲ್ಲು ಫೆಬ್ರವರಿಯ ಬಿಸಿಲಿಗೆ ನಿಂತಿರುತ್ತದೆ, ಯಾರೋ ಎಸೆದ ಬೀಡಿ ತುಂಡು ಸಾಕು.

ಸೋಲಿಗರಿಂದ ನಾವು ಕಲಿಯಬೇಕಾದದ್ದು ಬೇಸಿಗೆಗೆ ಮೊದಲೇ ನೆಲ ಖಾಲಿ ಮಾಡುವುದನ್ನು. ಹೇಗೆ ಎಂಬುದು ಆಯಾ ಕಾಡಿಗೆ ಬಿಟ್ಟದ್ದು. ಡಿಸೆಂಬರಿನಲ್ಲೇ ಗೇರು ತೋಟದವರೆಲ್ಲ ಸೇರಿ, ಕೂಲಿ ಹಂಚಿಕೊಂಡು, ತೋಟಕ್ಕೂ ಪದವಿಗೂ ನಡುವೆ ಅಗಲವಾಗಿ ಒಂದು ಪಟ್ಟಿ ಹುಲ್ಲು ಕೊಯ್ಯಿಸಿ. ಕೊಯ್ದದ್ದನ್ನು ಅಲ್ಲೇ ಬಿಡಬೇಡಿ. ದನ ಇದ್ದವರಿಗೆ ಕೊಡಿ, ಇಲ್ಲವಾದರೆ ಅಡಿಕೆ ಬುಡಕ್ಕೆ ಹಾಕಿ.

— ಸಂ.