ಕೆರೆ ಹೂಳು, ಮೆಥನಾಲ್ ತಿನ್ನುವ ಬ್ಯಾಕ್ಟೀರಿಯಾ ಮತ್ತು ಟೆರೇಸ್ ತೋಟ

ಮೇಡಂ, ನೀವು ಎರಡು ವಿಷಯ ಕೇಳಿದ್ದೀರಿ. ಬೆಂಗಳೂರಿನ ವರ್ತೂರು ಕೆರೆಯಿಂದ ಎತ್ತಿದ ಹೂಳನ್ನು ಟೆರೇಸಿನ ಕುಂಡಗಳಿಗೆ ಹಾಕಬಹುದಾ? ಅದರಲ್ಲಿ ಮೆಥನಾಲ್ (ಒಂದು ಬಗೆಯ ಆಲ್ಕೋಹಾಲ್) ತಿನ್ನುವ ಬ್ಯಾಕ್ಟೀರಿಯಾ ಇರುತ್ತವಂತೆ, ಸ್ವಲ್ಪ ಮೆಥನಾಲ್ ಸುರಿದು ಅವನ್ನು ಬೆಳೆಸಬಹುದಾ?

ಮೊದಲು ಎರಡನೆಯದು. ದಯವಿಟ್ಟು ಮೆಥನಾಲ್ ಮನೆಗೆ ತರಬೇಡಿ. ಸ್ವಲ್ಪ ಹೊಟ್ಟೆಗೆ ಹೋದರೂ ಕಣ್ಣು ಹೋಗಬಹುದು, ಜೀವಕ್ಕೂ ಅಪಾಯ. ಚರ್ಮದಿಂದಲೂ ಆವಿಯಿಂದಲೂ ಮೈಗೆ ಸೇರುತ್ತದೆ. ಮಕ್ಕಳು ಓಡಾಡುವ ಜಾಗದಲ್ಲಿ ಬೇಡವೇ ಬೇಡ.

ಈ ಬ್ಯಾಕ್ಟೀರಿಯಾಗಳಿಗೆ ನಾವು ಊಟ ಹಾಕಬೇಕಾಗಿಯೂ ಇಲ್ಲ. ಗಿಡದ ಜೀವಕೋಶಗಳ ಗೋಡೆಯಲ್ಲಿ ಪೆಕ್ಟಿನ್ ಇರುತ್ತದೆ ಅಲ್ವಾ, ಅದು ಕೊಳೆಯುವಾಗ ಮೆಥನಾಲ್ ಹೊರಬರುತ್ತದೆ. ಸತ್ತ ಜಲಕಳೆ ಕೆರೆಯ ತಳ ಸೇರಿದಾಗ ಆಗುವುದೂ ಇದೇ. ಇನ್ನೊಂದು ಮೂಲ, ಕೆಸರಿನಿಂದ ಏಳುವ ಮೀಥೇನ್ ಅನಿಲ. ಮೀಥೇನ್ ತಿನ್ನುವ ಬ್ಯಾಕ್ಟೀರಿಯಾಗಳು ಮೊದಲು ಅದನ್ನು ಮೆಥನಾಲ್ ಮಾಡಿಕೊಳ್ಳುತ್ತವೆ. ಅದರಲ್ಲಿ ಒಂದಷ್ಟು ಆಚೆ ಸೋರುತ್ತದೆ, ಅಕ್ಕಪಕ್ಕದವು ಅದನ್ನು ತಿಂದು ಬದುಕುತ್ತವೆ.

ಈ ವಿಷಯ ತುಂಬಾ ಚೆನ್ನಾಗಿ ಅಧ್ಯಯನವಾಗಿರುವುದು ಅಮೆರಿಕದ ಸಿಯಾಟಲ್‌ನ ಲೇಕ್ ವಾಷಿಂಗ್ಟನ್‌ನಲ್ಲಿ. ಅದೂ ಒಂದು ಕಾಲಕ್ಕೆ ಊರಿನ ಕೊಳಚೆ ಸೇರುತ್ತಿದ್ದ ಕೆರೆಯೇ. 1963ರಿಂದ 1968ರವರೆಗೆ ಕೊಳಚೆಯನ್ನು ಬೇರೆ ಕಡೆ ತಿರುಗಿಸಿದ ಮೇಲೆ ನೀರು ತಿಳಿಯಾಯಿತು. ಕೊಳಚೆಯಿಂದ ಬೆಳ್ಳಂದೂರು ಕೆರೆಯಲ್ಲಿ ಎದ್ದ ನೊರೆ ನೋಡಿದ ನಮಗೆ ಇದು ಗೊತ್ತಿರಬೇಕು.

ಆ ಕೆರೆಯ ತಳದ ಮಣ್ಣಿನಲ್ಲಿ ಮೆಥೈಲೊಟೆನೆರಾ ಮೊಬಿಲಿಸ್ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. 2006ರಲ್ಲಿ ಅದನ್ನು ವಿವರಿಸಿದಾಗ, ಮೀಥೈಲಮೀನ್ (ಸಾರಜನಕ ಇರುವ ಒಂದು ಸರಳ ರಾಸಾಯನಿಕ) ಬಿಟ್ಟು ಬೇರೇನೂ ತಿನ್ನುವುದಿಲ್ಲ ಅಂದುಕೊಂಡಿದ್ದರು. ಮೆಥನಾಲ್ ಒಡೆಯಲು ಎಲ್ಲರಿಗೂ ಗೊತ್ತಿದ್ದ ಕಿಣ್ವಕ್ಕೆ ಕ್ಯಾಲ್ಸಿಯಂ ಬೇಕು, ಆ ಕಿಣ್ವ ಇದರಲ್ಲಿ ಇರಲಿಲ್ಲ. ಆಮೇಲೆ ತಿಳಿದದ್ದು, ಅದೇ ಕೆಲಸ ಮಾಡುವ ಇನ್ನೊಂದು ಕಿಣ್ವ ಇದೆ, ಅದಕ್ಕೆ ಬೇಕಾದದ್ದು ಲ್ಯಾಂಥನಮ್, ಸೀರಿಯಂನಂಥ ಅಪರೂಪದ ಲೋಹಗಳು ಅಂತ. ಮೊಬೈಲು, ಮೋಟಾರು ಮಾಡುವವರು ಮಾತ್ರ ಕೇಳುವ ಲೋಹದ ಗುಂಪು ಕೆಸರಿನ ಜೀವಕ್ಕೂ ಬೇಕು ಅನ್ನುವುದು ನನಗೆ ಇವತ್ತಿಗೂ ಅಚ್ಚರಿ. ಈ ಕಿಣ್ವಗಳು ಮೆಥನಾಲನ್ನು ಫಾರ್ಮಾಲ್ಡಿಹೈಡ್ ಮಾಡುತ್ತವೆ. ಅದು ವಿಷ, ಹಾಗಾಗಿ ತಕ್ಷಣ ಮುಂದಕ್ಕೆ ಸಾಗಿಸಲೇಬೇಕು. ಒಂದು ಪಾಲು ಫಾರ್ಮೇಟ್ ಆಗಿ, ಕೊನೆಗೆ ಕಾರ್ಬನ್ ಡೈಆಕ್ಸೈಡ್ ಆಗಿ ಶಕ್ತಿ ಕೊಡುತ್ತದೆ. ಉಳಿದದ್ದು ಮೈ ಬೆಳೆಸಿಕೊಳ್ಳಲು. ಕೆಲವು ಬ್ಯಾಕ್ಟೀರಿಯಾಗಳು ಆಮ್ಲಜನಕದ ಬದಲು ನೈಟ್ರೇಟ್ ಬಳಸಿಯೂ ಮೆಥನಾಲ್ ತಿನ್ನುತ್ತವೆ. ಕೊಳಚೆ ಶುದ್ಧೀಕರಣ ಘಟಕಗಳಲ್ಲಿ ನೈಟ್ರೇಟ್ ತೆಗೆಯಲು ಮೆಥನಾಲ್ ಹಾಕುವ ಪದ್ಧತಿ ಇರುವುದು ಇದೇ ಕಾರಣಕ್ಕೆ.

ಆದರೆ ಆಮ್ಲಜನಕವೂ ನೈಟ್ರೇಟೂ ಇಲ್ಲದ ಕಪ್ಪು, ನಾರುವ ಕೆಸರಿನಲ್ಲಿ ಆಟವೇ ಬೇರೆ. ಅಲ್ಲಿ ಮೆಥನಾಲನ್ನು ಹೆಚ್ಚಾಗಿ ಮೀಥೇನ್ ಮಾಡುವ ಜೀವಿಗಳು ಹೊಡೆದುಕೊಳ್ಳುತ್ತವೆ. ಅಂಥ ಕೆಸರಿಗೆ ಮೆಥನಾಲ್ ಸುರಿದರೆ ಮೀಥೇನ್ ಜಾಸ್ತಿಯಾಗುತ್ತದೆ, ಅಷ್ಟೇ. ಇನ್ನು ಹೂಳನ್ನು ಒಣಗಿಸಿ ಕುಂಡಕ್ಕೆ ಹಾಕಿದರೆ ಕೆರೆ ತಳದ ಆ ಸಂಸಾರ ಹಾಗೇ ಉಳಿಯುವುದಿಲ್ಲ.

ನಮ್ಮ ಗಿಡಕ್ಕೆ ಹತ್ತಿರದ ನೆಂಟರು ಎಲೆ ಮೇಲೇ ಇದ್ದಾರೆ. ಮೆಥೈಲೊಬ್ಯಾಕ್ಟೀರಿಯಂ ಅಂತ, ಗುಲಾಬಿ ಬಣ್ಣದ್ದು. ಎಲೆ ತಾನೇ ಬಿಡುವ ಮೆಥನಾಲ್ ತಿಂದು ಬದುಕುತ್ತದೆ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಇದನ್ನು ಪಿಪಿಎಫ್ಎಂ (ಪಿಂಕ್ ಪಿಗ್ಮೆಂಟೆಡ್ ಫ್ಯಾಕಲ್ಟೇಟಿವ್ ಮೆಥೈಲೋಟ್ರೋಫ್) ಹೆಸರಿನಲ್ಲಿ, ಬರ ತಡೆಯಲು ಎಲೆಗೆ ಸಿಂಪಡಿಸುವಂತೆ ಶಿಫಾರಸು ಮಾಡುತ್ತದೆ. ಪ್ರಮಾಣ ಶೇ. 1, ಅಂದರೆ ಲೀಟರಿಗೆ 10 ಮಿ.ಲೀ. ಬೇರೆ ಔಷಧಿ ಜೊತೆ ಬೆರೆಸಬೇಡಿ, ಬಿಸಿಲಿಳಿದ ಮೇಲೆ ಹೊಡೆಯಿರಿ. ಬರೀ ಮೆಥನಾಲನ್ನೇ ಸಿಂಪಡಿಸಿದರೆ ಇಳುವರಿ ಏರುತ್ತದೆ ಎಂದು 1992ರಲ್ಲಿ ನೊನೊಮುರಾ ಮತ್ತು ಬೆನ್ಸನ್ ಎಂಬ ವಿಜ್ಞಾನಿಗಳು ಬರೆದಿದ್ದರು. ಆಮೇಲೆ ಬೇರೆ ಕಡೆ ಮಾಡಿದ ಎಷ್ಟೋ ಪ್ರಯೋಗಗಳಲ್ಲಿ ಆ ಫಲ ಸಿಗಲಿಲ್ಲ.

ಈಗ ಹೂಳು. ಹಳ್ಳಿ ಕೆರೆಯ ಗೋಡು ಹೊಲಕ್ಕೆ ಚಿನ್ನವೇ ಸರಿ. ಆದರೆ ವರ್ಷಗಟ್ಟಲೆ ಊರಿನ ಕೊಳಚೆ ಕುಡಿದ ಕೆರೆಯ ಹೂಳಿನಲ್ಲಿ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಸೇರಿರುವ ಭಯ ಇದೆ. ಒಣಗಿಸಿದರೆ ವಾಸನೆ ಹೋಗುತ್ತದೆ, ಲೋಹ ಹೋಗುವುದಿಲ್ಲ. ಆದ್ದರಿಂದ ಸೊಪ್ಪು, ಮೂಲಂಗಿ, ಕ್ಯಾರೆಟ್‌ಗೆ ಸದ್ಯಕ್ಕೆ ಹಾಕಬೇಡಿ. ನಾಲ್ಕೈದು ಕಡೆಯಿಂದ ಹಿಡಿ ಹಿಡಿ ತೆಗೆದು ಬೆರೆಸಿ, ನೆರಳಲ್ಲಿ ಒಣಗಿಸಿ, ಹೆಂಟೆ ಒಡೆದು ಒಂದು ಪ್ಯಾಕೆಟ್ ಮಾಡಿ ಮಣ್ಣು ಪರೀಕ್ಷೆಗೆ ಕೊಡಿ. ಮಾಮೂಲಿ ಪರೀಕ್ಷೆಯಲ್ಲಿ ರಸಸಾರ (ಪಿಎಚ್), ಎನ್‌ಪಿಕೆ (ಸಾರಜನಕ, ರಂಜಕ, ಪೊಟ್ಯಾಷ್) ಮಾತ್ರ ಇರಬಹುದು. ಭಾರ ಲೋಹಗಳನ್ನೂ ನೋಡುತ್ತೀರಾ ಅಂತ ಮೊದಲೇ ಕೇಳಿ, ಬರೆಸಿಕೊಳ್ಳಿ. ರಿಪೋರ್ಟ್ ಬಂದಾಗ ಇಲ್ಲೇ ಫೋಟೋ ಹಾಕಿ, ಎಷ್ಟು ಬೆರೆಸಬಹುದು ನೋಡೋಣ.